ಆಸನಪ್ರಾಪ್ತಿ ಮೀಮಾಂಸೆ: ಸೀಟು ಕೊಡಿಸುವವರಿಂದ ಕುಟುಂಬಕ್ಕೆ ಪ್ರಯೋಜನವುಂಟೇ ಎಂಬ ವಿಚಾರ

ಅಧ್ಯಾಯ 1: ಅನುಬಂಧ ಚತುಷ್ಟಯ

ಆಸನಪ್ರಾಪ್ತಿಶಾಸ್ತ್ರವೆಂದರೆ, ದ್ವಿತೀಯ ಪಿಯುಸಿ ಮುಗಿಸಿದ ಅಥವಾ ಮುಗಿಸಲಿರುವ ವಟುವಿಗೆ ವೃತ್ತಿಶಿಕ್ಷಣದ ಕಾಲೇಜೊಂದರಲ್ಲಿ ಸೀಟು ದೊರಕುವುದೆಂದು ಹೇಳಿ, ಹಾಗೆ ಹೇಳಿದ್ದಕ್ಕೆ ದಕ್ಷಿಣೆ ಪಡೆಯುವ ವಿದ್ಯೆ. ಸೀಟು ದೊರಕಿಸುವುದು ಶಾಸ್ತ್ರದ ವ್ಯಾಪ್ತಿಯಲ್ಲಿಲ್ಲ. ಅದು ರ‍್ಯಾಂಕಿಗೆ, ಮೀಸಲಾತಿಗೆ, ತಂದೆಯ ಬ್ಯಾಂಕ್ ಖಾತೆಗೆ ಬಿಟ್ಟ ವಿಷಯ. ಈ ವಿದ್ಯೆ ಬಲ್ಲವರನ್ನು ಚಿತ್ರದುರ್ಗದ ಕಡೆ ಜನ ಏಜೆಂಟ್ ಎನ್ನುತ್ತಾರೆ. ಅವರೇ ಅಚ್ಚು ಹಾಕಿಸಿಕೊಂಡ ಕಾರ್ಡಿನಲ್ಲಿ ಅಡ್ಮಿಷನ್ ಕನ್ಸಲ್ಟೆಂಟ್ ಎಂದಿರುತ್ತದೆ. ಈ ಪ್ರಬಂಧದಲ್ಲಿ ಗೌರವಾರ್ಥವಾಗಿ ಆಚಾರ್ಯ ಎಂದು ಕರೆಯಲಾಗಿದೆ.

ಅಧ್ಯಯನದ ಕ್ಷೇತ್ರ ಜೋಗಿಮಟ್ಟಿ ಸೀಮೆ. ಅಂದರೆ, ಬೆಟ್ಟದ ಗಾಳಿಯಂತ್ರಗಳು ಮನೆಯ ಮಾಳಿಗೆಯಿಂದ ಕಾಣುವ ಚಿತ್ರದುರ್ಗ, ಮತ್ತು ಗಾಳಿಯಂತ್ರ ಕಾಣಲಿ ಬಿಡಲಿ, ಮೇ ತಿಂಗಳಲ್ಲಿ ದಿನಪತ್ರಿಕೆ ಬಿಡಿಸಿದರೆ ಬಣ್ಣದ ಕರಪತ್ರ ಉದುರುವ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಕಾಲ: ಸಿಇಟಿ ಮುಗಿದ ಮರುದಿನದಿಂದ ಕೊನೆಯ ಸುತ್ತಿನ ಹಂಚಿಕೆಯವರೆಗೆ.

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಬೇಕು. ಇಲ್ಲಿ ಅಧಿಕಾರಿ ಯಾರೆಂದರೆ, ನೀರು ಬಿದ್ದಿರುವ ಒಂದು ಬೋರ್‌ವೆಲ್, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಪಕ್ಕದ ಮನೆಯವರ ಮಗ ಮತ್ತು ರಾತ್ರಿ ನಿದ್ದೆ ಬಾರದ ಕಾಯಿಲೆ, ಈ ಮೂರು ಸಂಪತ್ತುಳ್ಳ ತಂದೆ. ವಿಷಯ ಸೀಟು. ಸಂಬಂಧವೆಂದರೆ ಆಚಾರ್ಯನಿಗೂ ಕಾಲೇಜಿಗೂ ಇರುವ ನಂಟು. ಅದನ್ನು ಅಧಿಕಾರಿ ಕೇಳುವುದಿಲ್ಲ, ಆಚಾರ್ಯ ಹೇಳುವುದಿಲ್ಲ. ಪ್ರಯೋಜನ ಉಂಟೋ ಇಲ್ಲವೋ ಎಂಬುದೇ ಮುಂದಿನ ವಿಚಾರ.

ಅಧ್ಯಾಯ 2: ಶಾಸ್ತ್ರೇತಿಹಾಸ

ಉನ್ನತ ವ್ಯಾಸಂಗಕ್ಕೆಂದು ಕನ್ನಡ ನಾಡಿನಿಂದ ಹೊರಗೆ ಹೋದ, ದಾಖಲೆಯುಳ್ಳ ಹಳೆಯ ಅಭ್ಯರ್ಥಿಗಳಲ್ಲಿ ಮಯೂರಶರ್ಮ ಪ್ರಮುಖ. ನಾಲ್ಕನೆಯ ಶತಮಾನದಲ್ಲಿ ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ ಓದಲು ಹೋದನೆಂದು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಅವಮಾನ ತಡೆಯದೆ, ಓದು ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಅವನದೇ ಶಾಸನವೊಂದು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿದೆ. ಕೆರೆಯ ವಿಷಯ ಅದರಲ್ಲಿದೆ, ಕಟ್ಟಿದ ಫೀಜು ವಾಪಸು ಬಂದ ವಿಷಯ ಇಲ್ಲ. ಯೋಗ್ಯ ಮಾರ್ಗದರ್ಶನವಿಲ್ಲದೆ ಕೋರ್ಸು ಅರ್ಧಕ್ಕೆ ನಿಂತ ಪ್ರಕರಣವೆಂದು ಆಚಾರ್ಯರು ಇದನ್ನು ಕರಪತ್ರದಲ್ಲಿ ಧಾರಾಳವಾಗಿ ಹಾಕಿಸಬಹುದಿತ್ತು. ಹಾಕಿಸುವುದಿಲ್ಲ, ಏಕೆಂದರೆ ಕೋರ್ಸು ಬಿಟ್ಟವನಿಗೆ ಸಿಕ್ಕ ಪ್ಯಾಕೇಜು ಒಂದು ರಾಜ್ಯ.

ಅಲ್ಲಿಂದಾಚೆಗೆ ಸುಮಾರು ಹದಿನಾರು ಶತಮಾನ ಶಾಸ್ತ್ರದಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯ ಕಾಲೇಜು ಆರಂಭವಾಯಿತು. ಮುಂದಿನ ಮೂರು ದಶಕಗಳಲ್ಲಿ ಖಾಸಗಿ ವೃತ್ತಿಶಿಕ್ಷಣಕ್ಕೆ ಕರ್ನಾಟಕ ದೇಶಕ್ಕೆಲ್ಲ ಹೆಸರಾಯಿತು, ಡೊನೇಷನ್ನಿಗೂ ಹೆಸರಾಯಿತು. 1984ರಲ್ಲಿ ರಾಜ್ಯವೇ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ಮಾಡಿತು. ಐದು ವರ್ಷ ಕಳೆದು, 1989ರ ಅಧಿಸೂಚನೆಯಲ್ಲಿ ಅದೇ ರಾಜ್ಯ ಖಾಸಗಿ ವೈದ್ಯ ಕಾಲೇಜಿನ ವಾರ್ಷಿಕ ದರ ಕಟ್ಟಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000. ತುಮಕೂರಿನ ಕಾಲೇಜೊಂದರಲ್ಲಿ ಆ ಅರವತ್ತು ಸಾವಿರ ಕಟ್ಟಲಾಗದ ಮೀರತ್‌ನ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 1992ರ ಮೋಹಿನಿ ಜೈನ್ ತೀರ್ಪು ಶಿಕ್ಷಣವನ್ನು ಹಕ್ಕು ಎಂದಿತು, ಕ್ಯಾಪಿಟೇಷನ್ನನ್ನು ಅಕ್ರಮ ಎಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ವಿಂಗಡಿಸಿತು. 1994ರಲ್ಲಿ ಸಿಇಟಿ ಬಂತು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ವ್ಯವಸ್ಥೆಯನ್ನು ಕಳಚಿ ಹಾಕಿತು. 2005ರ ಇನಾಮದಾರ್ ತೀರ್ಪು, ಅನುದಾನ ಪಡೆಯದ ಕಾಲೇಜಿನ ಮೇಲೆ ಸರ್ಕಾರ ತನ್ನ ಕೋಟಾ ಹೇರುವಂತಿಲ್ಲ ಎಂದಿತು. ಆದ್ದರಿಂದ ಹೇರಿಕೆಯ ಬದಲು ಒಪ್ಪಂದದ ಮೇಲೆ, ಈಗ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಸೀಟುಗಳಲ್ಲಿ ಸಾಮಾನ್ಯವಾಗಿ ಶೇ 45 ಸಿಇಟಿಗೆ, ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್‌–ಕೆಗೆ, ಶೇ 25 ಮ್ಯಾನೇಜ್‌ಮೆಂಟಿಗೆ. ವೈದ್ಯಕೀಯದಲ್ಲಿ ಜಿ, ಪಿ, ಎನ್, ಕ್ಯೂ ಎಂಬ ನಾಲ್ಕು ವರ್ಣಗಳು. ಇವುಗಳ ಮೇಲೆ 2ಎ, 3ಬಿ ಮುಂತಾದ ಪ್ರವರ್ಗಗಳು, ಅವುಗಳ ಬಾಲಕ್ಕೆ ಗ್ರಾಮೀಣರಿಗೆ ಆರ್, ಕನ್ನಡ ಮಾಧ್ಯಮದವರಿಗೆ ಕೆ.

ಹನ್ನೊಂದು ನ್ಯಾಯಮೂರ್ತಿಗಳು ಕೂತು ಬಿಡಿಸಿದ ಗಂಟನ್ನು ಹೊಳಲ್ಕೆರೆಯ ಒಬ್ಬ ರೈತ, ಆಪ್ಷನ್ ಎಂಟ್ರಿ ಮುಗಿಯುವ ಸಂಜೆಯೊಳಗೆ, ಒಡೆದ ಗಾಜಿನ ಫೋನಿನಲ್ಲಿ ಬಿಡಿಸಬೇಕು. ಆಚಾರ್ಯನ ಅವತಾರ ಇಲ್ಲಿ ಆಗುತ್ತದೆ.

ಅಧ್ಯಾಯ 3: ಪ್ರಮಾಣ ನಿರೂಪಣೆ

ಆಚಾರ್ಯನ ಮಾತನ್ನು ನಂಬಲು ಆಧಾರವೇನು? ಭಾಟ್ಟ ಮೀಮಾಂಸಕರು ಒಪ್ಪುವ ಆರೂ ಪ್ರಮಾಣಗಳು ಈ ಶಾಸ್ತ್ರಕ್ಕೆ ಸಲ್ಲುತ್ತವೆ.

ಪ್ರತ್ಯಕ್ಷ: ಕಚೇರಿಯ ಮುಂದಿನ ಫ್ಲೆಕ್ಸು. ಅದರಲ್ಲಿ ಸೀಟು ಪಡೆದ ಮಕ್ಕಳ ಫೋಟೊಗಳಿರುತ್ತವೆ. ಅದೇ ಹುಡುಗಿಯ ಅದೇ ಫೋಟೊ ಕೋಚಿಂಗ್ ಸೆಂಟರಿನ ಫ್ಲೆಕ್ಸಿನಲ್ಲೂ ಪಿಯು ಕಾಲೇಜಿನ ಫ್ಲೆಕ್ಸಿನಲ್ಲೂ ಇದ್ದರೆ ಬಾಧೆಯಿಲ್ಲ. ಬ್ರಹ್ಮವೂ ಒಂದೇ, ಉಪಾಧಿಗಳು ಅನೇಕ.

ಅನುಮಾನ: ಕಳೆದ ವರ್ಷದ ಕಟ್‌ಆಫ್. ಹಿಂದಿನ ಸಲ ಇಂಥ ಕಾಲೇಜಿನ ಇಂಥ ಕೋರ್ಸು ಇಂಥ ರ‍್ಯಾಂಕಿಗೆ ನಿಂತಿತು, ಆದ್ದರಿಂದ ಈ ಸಲವೂ ಅಲ್ಲೇ ನಿಲ್ಲುತ್ತದೆ ಎಂಬ ವ್ಯಾಪ್ತಿಜ್ಞಾನ. ಇದಕ್ಕೆ ಹಿರಿಯೂರಿನವರಿಗೆ ದೃಷ್ಟಾಂತ ಬೇಕಿಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಹೋದ ವರ್ಷ ಬಿದ್ದಿದೆ, ಈ ವರ್ಷವೂ ಬೀಳುತ್ತದೆ ಎಂದು 1934ರಲ್ಲಿ ಬಾಗಿನ ಹಿಡಿದು ನಿಂತವರಿದ್ದರೆ 2022ರವರೆಗೆ ಹಾಗೇ ನಿಂತಿರಬೇಕಾಗುತ್ತಿತ್ತು. ಕಟ್‌ಆಫ್ ಅಷ್ಟು ನಿಷ್ಠುರವಲ್ಲ ನಿಜ. ಆದರೆ ಪ್ರಶ್ನೆಪತ್ರಿಕೆ ಸುಲಭವಾದರೆ, ಒಂದು ಕಾಲೇಜು ಕಂಪ್ಯೂಟರ್ ಸೈನ್ಸಿಗೆ ಇನ್ನೂ ಎರಡು ಸೆಕ್ಷನ್ ಸೇರಿಸಿದರೆ ಅದು ಜಾರುತ್ತದೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದಲ್ಲೇ ಇಲ್ಲದ ಪ್ರಶ್ನೆಗಳು ಬಂದು, ಐವತ್ತನ್ನು ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಅದನ್ನು ಯಾವ ಆಚಾರ್ಯನ ಪ್ರಿಡಿಕ್ಟರ್ ತಂತ್ರಾಂಶವೂ ಮುಂಗಾಣಲಿಲ್ಲ. ಅಂದಹಾಗೆ, ಆಚಾರ್ಯನ ಲ್ಯಾಪ್‌ಟಾಪಿನಲ್ಲಿರುವ ಕಟ್‌ಆಫ್ ಪಟ್ಟಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಬಿಟ್ಟಿ ಸಿಗುವ ಪಿಡಿಎಫ್. ಅದರ ತಲೆಯ ಮೇಲೆ ಪ್ರಾಧಿಕಾರದ ಹೆಸರಿದ್ದ ಜಾಗದಲ್ಲಿ ಆಚಾರ್ಯನ ಮೊಬೈಲ್ ನಂಬರು ಕೂತಿರುತ್ತದೆ. ಇದಕ್ಕೆ ಡೇಟಾ ಆಧಾರಿತ ಬಹ್ವಾಯಾಮಿಕ ಅಭ್ಯರ್ಥಿ–ಸಂಸ್ಥಾ ಸಾಂಗತ್ಯ ವಿಶ್ಲೇಷಣೆ ಎಂದು ಹೆಸರು.

ಶಬ್ದ: ಆಪ್ತವಾಕ್ಯ. ಷಡ್ಡಕನ ಅಣ್ಣನ ಮಗನಿಗೆ ಇವರೇ ಮಾಡಿಸಿಕೊಟ್ಟದ್ದು. ಆ ಹುಡುಗನ ರ‍್ಯಾಂಕು ಎಷ್ಟಿತ್ತು, ಇವರಿಲ್ಲದಿದ್ದರೂ ಸೀಟು ಸಿಗುತ್ತಿತ್ತೇ ಎಂದು ಕೇಳುವುದು ನಾಸ್ತಿಕವಾದ.

ಉಪಮಾನ: ‘ಇದೂ ಬೆಂಗ್ಳೂರಿನ ದೊಡ್ಡ ಕಾಲೇಜ್ ಥರಾನೇ ಸಾ, ಸಿಟಿಯಿಂದ ಸ್ವಲ್ಪ ಈಚೆಗೈತೆ ಅಷ್ಟೇ.’

ಅರ್ಥಾಪತ್ತಿ: ಇದು ಬಹಳ ಮುಖ್ಯವಾದ್ದರಿಂದ ಓದುಗರು ಗಮನವಿಟ್ಟು ಓದಬೇಕು. ದಪ್ಪಗಿರುವ ದೇವದತ್ತ ಹಗಲು ಹೊತ್ತು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಇದು ಶಾಸ್ತ್ರದ ಹಳೆಯ ಉದಾಹರಣೆ. ಆಚಾರ್ಯ ಕೌನ್ಸೆಲಿಂಗ್ ಸಂಪೂರ್ಣ ಉಚಿತ ಎಂದು ಬೋರ್ಡು ಹಾಕಿದ್ದಾನೆ, ಬಾಡಿಗೆ ಕಟ್ಟಿದ್ದಾನೆ, ಎಸಿ ಹಾಕಿಸಿದ್ದಾನೆ, ಕೆಳಗೆ ಇನ್ನೋವಾ ನಿಂತಿದೆ. ಹಗಲಲ್ಲಿ ಉಣ್ಣದ ಈ ದೇವದತ್ತನ ರಾತ್ರಿಯೂಟ ಐದನೆಯ ಅಧ್ಯಾಯದ ವಿಷಯ.

ಅನುಪಲಬ್ಧಿ: ರಸೀದಿ ಇಲ್ಲದಿರುವುದು. ಇದರಿಂದ ಹಣ ಕೊಟ್ಟದ್ದು ಖಚಿತವಾಗುತ್ತದೆ.

ಅಧ್ಯಾಯ 4: ಕುಟುಂಬ ವರ್ಗೀಕರಣ

ಕುಟುಂಬಗಳು ಇಪ್ಪತ್ತನಾಲ್ಕು ವಿಧ. ವರ್ಗೀಕರಣಕ್ಕೆ ಬೆಳೆಯೇ ಆಧಾರ, ಅಳತೆಗೆ ಕ್ವಿಂಟಲೇ ಮಾನ.

ಮೊದಲನೆಯದು ಪೂಗವರ್ಗ, ಅಂದರೆ ಅಡಿಕೆಯವರು. ಹೊಳಲ್ಕೆರೆ ಮತ್ತು ಭೀಮಸಮುದ್ರದ ಸುತ್ತ ಹೆಚ್ಚಾಗಿ ಕಾಣುತ್ತಾರೆ. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆಯ ಧಾರಣೆ ಕ್ವಿಂಟಲಿಗೆ ಐವತ್ತು ಸಾವಿರದ ಆಸುಪಾಸು ಆಡುವುದರಿಂದ ಲೆಕ್ಕ ಸಲೀಸು: ಸೀಟು ಹಿಡಿದಿಡುವ ಮುಂಗಡ ಐವತ್ತು ಸಾವಿರವೆಂದರೆ ಒಂದು ಕ್ವಿಂಟಲ್. ಆಚಾರ್ಯ ಇವರನ್ನು ಕುರ್ಚಿ ಕೊಟ್ಟು ಕೂರಿಸುತ್ತಾನೆ.

ಎರಡನೆಯದು ದಾಡಿಮ–ನಾರಿಕೇಲ ವರ್ಗ. ಹೊಸದುರ್ಗ, ಹಿರಿಯೂರು. ದಾಳಿಂಬೆಗೆ ದುಂಡಾಣು ಅಂಗಮಾರಿ ಬಾರದ ವರ್ಷ ಪೂಗವರ್ಗಕ್ಕೆ ಸಮ, ಬಂದ ವರ್ಷ ಮುಂದಿನ ವರ್ಗಕ್ಕೆ ಸಮ. ತೆಂಗಿನವರು ಕೊಬ್ಬರಿ ರೇಟು ನೋಡಿ ಕೋರ್ಸು ತೀರ್ಮಾನ ಮಾಡುತ್ತಾರೆ.

ಮೂರನೆಯದು ಪಲಾಂಡು ವರ್ಗ, ಈರುಳ್ಳಿಯವರು. ಈರುಳ್ಳಿಗೆ ರೇಟು ಸಿಕ್ಕ ವರ್ಷ ಮಗಳು ಪಿಯುಸಿ ಮೊದಲ ವರ್ಷದಲ್ಲಿರುತ್ತಾಳೆ. ಅವಳ ಸಿಇಟಿ ವರ್ಷಕ್ಕೆ ರೇಟು ಬಿದ್ದಿರುತ್ತದೆ. ಕಿತ್ತು, ಕೊಯ್ದು, ಚೀಲಕ್ಕೆ ತುಂಬಿ ಲಾರಿಗೆ ಹಾಕಿ ಯಶವಂತಪುರಕ್ಕೆ ಕಳಿಸಿದರೆ ಕೂಲಿಯೂ ಗಿಟ್ಟದೆಂದು ಹೊಲದಲ್ಲೇ ಬಿಟ್ಟವನೂ ಅದೇ ಕರಪತ್ರ ಹಿಡಿದು ಅದೇ ಮೆಟ್ಟಿಲು ಹತ್ತುತ್ತಾನೆ. ಅವನ ಕೈಯಲ್ಲಿ ಇರುವುದು ಕೈಗಡ, ಇಲ್ಲವೇ ಹೆಂಡತಿಯ ಒಡವೆ ಅಡ ಇಟ್ಟ ಚೀಟಿ.

ಉಳಿದ ಇಪ್ಪತ್ತೊಂದು ವಿಧಗಳನ್ನು ವಿವರಿಸುವ ಅಗತ್ಯವಿಲ್ಲ. ಆಚಾರ್ಯ ಮಾಡುವ ವರ್ಗೀಕರಣದಲ್ಲಿ ಎರಡೇ ವಿಧ: ಈಗಲೇ ಕೊಡುವವರು, ಜಮೀನು ಮಾರಿ ಕೊಡುವವರು.

ಅಧ್ಯಾಯ 5: ದೇವದತ್ತನ ರಾತ್ರಿಯೂಟ

ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿ. ಒಂದು ಗಾಜಿನ ಟೇಬಲ್, ಅದರ ಗಾಜಿನ ಕೆಳಗೆ ಬೇರೆ ಬೇರೆ ಕಾಲೇಜುಗಳ ವಿಸಿಟಿಂಗ್ ಕಾರ್ಡು. ತಂದೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಒಂದೊಂದಾಗಿ ತೆಗೆದು ಇಡುತ್ತಾನೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬಿಇಓ ಮೇಲುಸಹಿಯ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯ ಜಾತಿ–ಆದಾಯ ಪತ್ರ. ಅದರ ಆರ್‌ಡಿ ನಂಬರಿನ ಕೆಳಗೆ ಯಾರೋ ಬಾಲ್‌ಪೆನ್ನಿನಿಂದ ಎರಡು ಗೆರೆ ಎಳೆದಿದ್ದಾರೆ. ಮಗಳು ಪಕ್ಕದ ಸ್ಟೂಲಿನ ಮೇಲೆ ದುಪಟ್ಟಾದ ತುದಿ ಸುತ್ತುತ್ತಾ ಕೂತಿದ್ದಾಳೆ.

‘ಯಜಮಾನ್ರೇ, ಇವತ್ತೇ ಐವತ್ತು ಕಟ್ಟಿ ಸೀಟು ಬ್ಲಾಕ್ ಮಾಡ್ಕಳಿ. ನಾಳೆ ಬಂದ್ರೆ ನನ್ ಕೈಲಿರಲ್ಲ.’

‘ಹುಡ್ಗೀದು ಸಿಇಟಿ ರಿಸಲ್ಟೇ ಬಂದಿಲ್ವಲ್ಲ ಸಾ?’

‘ರಿಸಲ್ಟ್ ಬಂದ್ಮೇಲೆ ಸೀಟಿರುತ್ತಾ?’

ತರ್ಕಶಾಸ್ತ್ರದ ಯಾವ ಗ್ರಂಥದಲ್ಲೂ ಈ ವಾದಕ್ಕೆ ಉತ್ತರವಿಲ್ಲ. ತಂದೆ ಕವರಿನ ತಳದಿಂದ ರಬ್ಬರ್ ಬ್ಯಾಂಡ್ ಸುತ್ತಿದ ಕಟ್ಟು ತೆಗೆಯುತ್ತಾನೆ. ಆಚಾರ್ಯ ಮಗಳ ಕಡೆ ಒಂದೇ ಒಂದು ಸಲ ತಿರುಗುತ್ತಾನೆ, ‘ಓಟಿಪಿ ಬಂತೇನಮ್ಮಾ?’ ಎಂದು ಕೇಳಲು. ಅವಳಿಗೆ ಏನು ಓದಲು ಇಷ್ಟ ಎಂಬ ಪ್ರಶ್ನೆ ಸಭೆಯಲ್ಲಿ ಬರುವುದಿಲ್ಲ. ಶಾಸ್ತ್ರದಲ್ಲಿ ಅದಕ್ಕೆ ಅಧಿಕರಣವಿಲ್ಲ.

ಈ ಐವತ್ತು ಸಾವಿರ ಸಂಜೆಯ ತಿಂಡಿ. ರಾತ್ರಿಯೂಟ ಬೇರೆ. ರಾಜ್ಯದಲ್ಲಿ ಪ್ರತಿವರ್ಷ ಎಂಜಿನಿಯರಿಂಗ್ ಸೀಟುಗಳು ಸಾವಿರಗಟ್ಟಲೆ ಖಾಲಿ ಉಳಿಯುತ್ತವೆ. ಹೆಸರುವಾಸಿ ಕಾಲೇಜಿನ ಕಂಪ್ಯೂಟರ್ ಸೈನ್ಸಿಗೆ ಜಗಳ, ಹೆಸರಿಲ್ಲದ ಕಾಲೇಜಿನ ಸಿವಿಲ್ಲಿಗೆ ಕರೆದರೂ ಬರುವವರಿಲ್ಲ. ಆ ಖಾಲಿ ಬೆಂಚು ತುಂಬಿಸಿಕೊಟ್ಟವರಿಗೆ ಕಾಲೇಜಿನಿಂದ ತಲೆಗಿಷ್ಟು ಎಂದು ಕಮಿಷನ್. ಆದ್ದರಿಂದ ಉಚಿತ ಸಲಹೆಯ ಬಾಣ ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತದೆ. ತಾನಾಗಿ ಯಾರೂ ಹೋಗದ ಕಾಲೇಜಿಗೆ. ಸರ್ಕಾರಿ ಕಾಲೇಜು ಕಮಿಷನ್ ಕೊಡುವುದಿಲ್ಲ, ಹಾಗಾಗಿ ಚಳ್ಳಕೆರೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಹೆಸರು ಆಚಾರ್ಯನ ಬಾಯಲ್ಲಿ ಬರುವುದಿಲ್ಲ. ವಕೀಲ ಎದುರು ಪಕ್ಷದಿಂದ ಹಣ ಪಡೆದರೆ ಅದಕ್ಕೊಂದು ಹೆಸರಿದೆ, ಶಿಕ್ಷೆಯೂ ಇದೆ. ಇಲ್ಲಿ ಅದಕ್ಕೆ ನೆಟ್‌ವರ್ಕ್ ಎಂದು ಹೆಸರು.

ಅಧ್ಯಾಯ 6: ಆಪ್ಷನ್ ಎಂಟ್ರಿ ರಹಸ್ಯ

ಶಾಸ್ತ್ರದ ಗುಹ್ಯಾತಿಗುಹ್ಯ ಭಾಗ ಇದು. ಗುರುಮುಖೇನ ಮಾತ್ರ ಪಡೆಯತಕ್ಕದ್ದೆಂದು ಸಂಪ್ರದಾಯ. ದಕ್ಷಿಣೆಯ ದೊಡ್ಡ ಪಾಲು ಇದಕ್ಕೇ. ರಹಸ್ಯವನ್ನು ಇಲ್ಲಿ ಪೂರ್ತಿ ಬಯಲು ಮಾಡಲಾಗಿದೆ.

ಅಭ್ಯರ್ಥಿ ತನಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬುತ್ತಾಳೆ. ಕಂಪ್ಯೂಟರ್ ಒಂದನೇ ರ‍್ಯಾಂಕಿನಿಂದ ಶುರು ಮಾಡಿ ಒಬ್ಬೊಬ್ಬರ ಪಟ್ಟಿ ತೆರೆಯುತ್ತದೆ. ಅವಳ ಸರದಿ ಬಂದಾಗ ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ಅವಳಿಗೆ ಅರ್ಹತೆಯಿರುವ ಪ್ರವರ್ಗದಲ್ಲಿ ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಅಷ್ಟೇ. ಮೇಲೆ ಹತ್ತು ಸಿಗಲಾರದ ಕಾಲೇಜು ಬರೆದರೆ ನಷ್ಟವಿಲ್ಲ. ಅವು ಇಲ್ಲವೆಂದಾದರೆ ಹನ್ನೊಂದನೆಯದನ್ನು ಕಂಪ್ಯೂಟರ್ ಅಷ್ಟೇ ಶ್ರದ್ಧೆಯಿಂದ ನೋಡುತ್ತದೆ. ‘ಮೇಲಿನ ಆಪ್ಷನ್ ವೇಸ್ಟ್ ಮಾಡಬೇಡಿ’ ಎಂಬ ಆಚಾರ್ಯವಾಕ್ಯ ಸುಳ್ಳು. ಇಷ್ಟವಾದದ್ದನ್ನು ಇಷ್ಟವಾದ ಕ್ರಮದಲ್ಲೇ ಬರೆಯಬೇಕು, ಸಿಕ್ಕರೂ ಸೇರುವುದಿಲ್ಲ ಎನ್ನುವಂಥದ್ದನ್ನು ಬರೆಯಬಾರದು. ಮೊದಲು ಅಣಕು ಹಂಚಿಕೆ ಬರುತ್ತದೆ, ಅದನ್ನು ನೋಡಿ ಕ್ರಮ ಬದಲಿಸಬಹುದು. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್: ಒಪ್ಪಿ ಸೇರುವುದು, ಒಪ್ಪಿ, ಇನ್ನೂ ಮೇಲಿನದಕ್ಕೆ ಮುಂದಿನ ಸುತ್ತಿಗೆ ಹೋಗುವುದು, ಬೇಡವೆಂದು ಮುಂದಿನ ಸುತ್ತಿಗೆ ಹೋಗುವುದು, ಆಟದಿಂದಲೇ ಹೊರಬರುವುದು. ಹೆಚ್ಚಿನವರಿಗೆ ಅನುಮಾನ ಬರುವುದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ. ಎರಡನೆಯದರಲ್ಲಿ ಕೈಯಲ್ಲಿರುವ ಸೀಟು ಉಳಿದಿರುತ್ತದೆ, ಮೂರನೆಯದರಲ್ಲಿ ಹೋಗುತ್ತದೆ.

ಇಷ್ಟೇ ರಹಸ್ಯ. ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕರೊಬ್ಬರು ಒಂದು ಕರಿಹಲಗೆ, ಎರಡು ಸೀಮೆಸುಣ್ಣ ಹಿಡಿದು ಅರ್ಧ ಗಂಟೆಯಲ್ಲಿ ಇಡೀ ತರಗತಿಗೆ ಹೇಳಬಹುದು. ಹೇಳಲು ಅಲ್ಲಿ ಯಾರೂ ಇರುವುದಿಲ್ಲ. ಆಪ್ಷನ್ ಎಂಟ್ರಿಯ ಹೊತ್ತಿಗೆ ದ್ವಿತೀಯ ಪಿಯುಸಿ ಮುಗಿಸಿದವರಿಗೂ ಕಾಲೇಜಿಗೂ ಲೆಕ್ಕ ಹರಿದಿರುತ್ತದೆ. ಪಾಠ ಮಾಡಿದ ಅತಿಥಿ ಉಪನ್ಯಾಸಕರ ಅವಧಿ ಮಾರ್ಚಿಗೇ ಮುಗಿದು ಅವರು ತಮ್ಮ ಮುಂದಿನ ನೇಮಕಾತಿಗೆ ಅರ್ಜಿ ಹಿಡಿದು ಅಲೆಯುತ್ತಿರುತ್ತಾರೆ. ಹನ್ನೆರಡು ವರ್ಷ ಓದಿಸಿದ ಸರ್ಕಾರ ಹದಿಮೂರನೆಯ ವರ್ಷದ ಬಾಗಿಲು ತೋರಿಸುವ ಅರ್ಧ ಗಂಟೆಗೆ ಆಳಿಲ್ಲದೆ ಹುಡುಗಿಯನ್ನು ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಗೆ ಕಳಿಸಿಬಿಡುತ್ತದೆ. ಇದನ್ನು ಶಾಸ್ತ್ರೀಯ ಭಾಷೆಯಲ್ಲಿ ಹೇಳುವುದು ಕಷ್ಟ. ಇದು ನಾಚಿಕೆಗೇಡು.

ಹಿಂದೆ ಸಿರಿಗೆರೆಯ, ಚಿತ್ರದುರ್ಗದ ಮಠಗಳ ಹಾಸ್ಟೆಲುಗಳಲ್ಲಿ ಈ ಕೆಲಸವನ್ನು ಮೇಲಿನ ತರಗತಿಯ ಹುಡುಗರು ಮಾಡುತ್ತಿದ್ದರು. ದಕ್ಷಿಣೆ ಒಂದು ಟೀ.

ಅಧ್ಯಾಯ 7: ತಂತ್ರಭಾಗ

ಪಾಸ್‌ವರ್ಡ್ ಯಾರ ಕೈಯಲ್ಲಿದೆ ಎಂಬುದರ ಮೇಲೆ ಶಾಸ್ತ್ರವು ದಕ್ಷಿಣಾಚಾರ, ವಾಮಾಚಾರ ಎಂದು ಎರಡಾಗುತ್ತದೆ. ವಾಮಾಚಾರದಲ್ಲಿ ಪಾಸ್‌ವರ್ಡ್ ಆಚಾರ್ಯನ ಕೈಯಲ್ಲಿ. ಅದರ ಕ್ರಮ ಹೀಗೆ: ಒಳ್ಳೆಯ ರ‍್ಯಾಂಕು ಬಂದು, ಐಐಟಿಗೋ ಎನ್‌ಐಟಿಗೋ ಹೋಗಲಿರುವ, ಸಿಇಟಿ ಸೀಟು ಬೇಡದ ಅಭ್ಯರ್ಥಿಯ ಹೆಸರಿನಲ್ಲಿ ಆಪ್ಷನ್ ತುಂಬುವುದು. ಬೇಡಿಕೆಯ ಸೀಟೊಂದು ಆ ಹೆಸರಿಗೆ ಹಂಚಿಕೆಯಾಗುತ್ತದೆ. ಅಭ್ಯರ್ಥಿ ಸೇರುವುದಿಲ್ಲ. ಕೊನೆಯ ಸುತ್ತು ಮುಗಿದ ಮೇಲೆ ಖಾಲಿ ಉಳಿದ ಸೀಟು ಕಾಲೇಜಿನ ಪಾಲಿಗೆ ಬರುತ್ತದೆ, ಮ್ಯಾನೇಜ್‌ಮೆಂಟ್ ದರಕ್ಕೆ ಹೋಗುತ್ತದೆ.

2024ರ ಕೊನೆಯಲ್ಲಿ ಹೀಗೆ ಸೀಟು ತಡೆಹಿಡಿಯಲಾಗಿದೆ ಎಂದು ಪರೀಕ್ಷಾ ಪ್ರಾಧಿಕಾರವೇ ಬೆಂಗಳೂರಿನ ಮಲ್ಲೇಶ್ವರ ಪೊಲೀಸ್ ಠಾಣೆಗೆ ದೂರು ಕೊಟ್ಟಿತು. ಪ್ರಾಧಿಕಾರದ ಸಿಬ್ಬಂದಿಯೂ ಸೇರಿ ಹಲವರ ಬಂಧನವಾಯಿತು. ಅಭ್ಯರ್ಥಿಗಳ ಲಾಗಿನ್ ವಿವರ ಸೋರಿಕೆಯಾಗಿತ್ತೆಂಬುದು ಆರೋಪ. 2025ರ ಜೂನ್‌ನಲ್ಲಿ ಜಾರಿ ನಿರ್ದೇಶನಾಲಯ ಶೋಧ ನಡೆಸಿತು. ನ್ಯಾಯಾಲಯ ಏನು ಹೇಳುವುದೋ ಹೇಳಲಿ. ಲೆಕ್ಕ ಮಾತ್ರ ಸರಳ: ಹಾಗೆ ತಡೆದ ಪ್ರತಿ ಸೀಟಿನ ಹಿಂದೆ, ಅದೇ ಸೀಟಿಗೆ ಮುಂದಿನ ರ‍್ಯಾಂಕಿನಲ್ಲಿ ನಿಂತಿದ್ದ ಒಬ್ಬ ಹುಡುಗ ಅಥವಾ ಹುಡುಗಿ ಇರುತ್ತಾರೆ. ಅವರಿಗೆ ಆ ಸೀಟು ಕೂದಲೆಳೆಯಲ್ಲಿ ತಪ್ಪಿತೆಂದು ಗೊತ್ತಾಗುವುದೇ ಇಲ್ಲ. ರ‍್ಯಾಂಕು ಸಾಲಲಿಲ್ಲ ಎಂದುಕೊಂಡು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಅಧ್ಯಾಯ 8: ದೇಶಾಂತರ ಖಂಡ

ಎಂಬಿಬಿಎಸ್ ಬೇಕು, ನೀಟ್ ರ‍್ಯಾಂಕು ಸರ್ಕಾರಿ ಸೀಟಿಗೆ ಸಾಲದು, ಖಾಸಗಿ ಸೀಟಿನ ಫೀಜಿಗೆ ತೋಟ ಮಾರಿದರೂ ಸಾಲದು ಎಂಬಲ್ಲಿ ದೇಶಾಂತರ ಖಂಡ ಶುರುವಾಗುತ್ತದೆ. ಕರಪತ್ರದಲ್ಲಿ ಹಿಮ, ಗುಮ್ಮಟ, ಬಿಳಿ ಕೋಟು. ಭಾರತೀಯ ಊಟ ಲಭ್ಯ. ಓದಿ ವಾಪಸು ಬಂದವರು ಇಲ್ಲಿ ವೈದ್ಯರಾಗಲು ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಪಡೆಯಬೇಕು, ಬಹುಪಾಲು ಜನ ಮೊದಲ ಯತ್ನದಲ್ಲಿ ಅದನ್ನು ದಾಟುವುದಿಲ್ಲ ಎಂಬುದು ಕರಪತ್ರದಲ್ಲಿ ಇರುವುದಿಲ್ಲ.

ಈ ಖಂಡದಲ್ಲಿ ಪರಿಹಾಸಕ್ಕೆ ಜಾಗ ಕಡಿಮೆ. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ಹುಡುಗ ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ. 2022ರ ಮಾರ್ಚ್ 1ರಂದು ದಿನಸಿ ತರಲು ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಯಲ್ಲಿ ಸತ್ತ. ಪಿಯುಸಿಯಲ್ಲಿ ಶೇ 97 ಅಂಕ ಬಂದಿದ್ದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ, ಕೋಟಿಗಟ್ಟಲೆ ಕೊಡುವ ಶಕ್ತಿ ತಮಗಿರಲಿಲ್ಲ ಎಂದು ಅವನ ತಂದೆ ಹೇಳಿದರು. ಸುಮಾರು ಮೂರು ವಾರ ಕಳೆದು ದೇಹ ಊರಿಗೆ ಬಂತು. ಮನೆಯವರು ಪೂಜೆ ಮುಗಿಸಿ, ಅದನ್ನು ದಾವಣಗೆರೆಯ ಖಾಸಗಿ ವೈದ್ಯ ಕಾಲೇಜಿಗೆ ದಾನ ಮಾಡಿದರು. ಮಗ ಓದಲು ಸೇರಲಾಗದಂಥ ಕಟ್ಟಡದೊಳಕ್ಕೆ ಕುಟುಂಬ ಅವನನ್ನು ಬಿಟ್ಟಿಯಾಗಿ ಸೇರಿಸಿತು, ಬೇರೆಯವರ ಮಕ್ಕಳು ಕಲಿಯಲಿ ಎಂದು. ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಗೆ ಆಗ ಮೂವತ್ತೆಂಟು ವರ್ಷ. ಆ ಮೂವತ್ತೆಂಟು ವರ್ಷ ರಾಜ್ಯ ಆಳಿದ ಪಕ್ಷಗಳಲ್ಲೆಲ್ಲ ಕಾಲೇಜು ನಡೆಸುವವರಿದ್ದಾರೆ. ದುಃಖದ ಮನೆಯಲ್ಲಿ ಅದನ್ನು ಎತ್ತಿ ಆಡುವುದು ಮರ್ಯಾದೆಯಲ್ಲ.

ಚಿತ್ರದುರ್ಗದಲ್ಲಿ 2023ರಲ್ಲಿ 150 ಸೀಟಿನ ಸರ್ಕಾರಿ ವೈದ್ಯ ಕಾಲೇಜು ಶುರುವಾಗಿದೆ. ಈ ಶಾಸ್ತ್ರವನ್ನು ನಿಜವಾಗಿ ಖಂಡಿಸಬಲ್ಲ ಗ್ರಂಥ ಅದೊಂದೇ. ಪ್ರತಿ ಸರ್ಕಾರಿ ಸೀಟು ಆಚಾರ್ಯನಿಗೆ ಒಂದು ಗಿರಾಕಿ ಕಡಿಮೆ ಮಾಡುತ್ತದೆ.

ಅಧ್ಯಾಯ 9: ಫಲವಿಚಾರ

ಪೂರ್ವಪಕ್ಷ: ಆಚಾರ್ಯನಿಂದ ಪ್ರಯೋಜನವೇ ಇಲ್ಲವೇ? ಉಂಟು. ಮನೆಯಲ್ಲಿ ಹತ್ತನೇ ತರಗತಿ ದಾಟಿದವರು ಇವಳೇ ಮೊದಲಿಗಳು, ಫಾರ್ಮು ಓದಿ ಹೇಳುವವರಿಲ್ಲ, ತಪ್ಪು ತುಂಬಿದರೆ ಒಂದು ವರ್ಷ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಗ್ರಾಮೀಣ ವ್ಯಾಸಂಗದ ಪತ್ರ ಹೊತ್ತಿಗೆ ಸರಿಯಾಗಿ ತರದೆ, ಸಿಗಬೇಕಿದ್ದ ಮೀಸಲಾತಿ ಕಳೆದುಕೊಂಡು, ಜನರಲ್ ಮೆರಿಟ್ಟಿನಲ್ಲಿ ನಿಂತ ಮಕ್ಕಳಿದ್ದಾರೆ. ಅಂಥವರಿಗೆ ಪಕ್ಕದಲ್ಲಿ ಕೂತು ತುಂಬಿಸುವ ಕೈ ಬೇಕು.

ಆದರೆ ಆ ಕೈ ಮಹಡಿಯ ಮೇಲಿನದಾಗಿರಬೇಕಿಲ್ಲ. ಅದೇ ಕಟ್ಟಡದ ಕೆಳಗೆ, ಝೆರಾಕ್ಸ್ ಮೆಷಿನ್ನಿನ ಪಕ್ಕ, ಸೈಬರ್ ಸೆಂಟರಿನ ಹುಡುಗನಿದ್ದಾನೆ. ಯಾವ ಪತ್ರಕ್ಕೆ ಯಾವ ಸಹಿ, ಆರ್‌ಡಿ ನಂಬರು ಹೊಂದದಿದ್ದರೆ ನಾಡಕಚೇರಿಯಲ್ಲಿ ಯಾರನ್ನು ಕೇಳಬೇಕು, ಸರ್ವರ್ ರಾತ್ರಿ ಎಷ್ಟು ಹೊತ್ತಿಗೆ ಚುರುಕಾಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ನೂರೋ ಇನ್ನೂರೋ ತೆಗೆದುಕೊಳ್ಳುತ್ತಾನೆ. ಅವನಿಗೂ ಯಾವ ಕಾಲೇಜಿಗೂ ನಂಟಿಲ್ಲ, ಆದ್ದರಿಂದ ಅವನ ಅಭಿಪ್ರಾಯ ಕೇಳಬಹುದು. ಪಾಸ್‌ವರ್ಡನ್ನು ಮಾತ್ರ ಅವನಲ್ಲೂ ಬಿಡದೆ ಮನೆಗೆ ಹೋದ ಮೇಲೆ ಬದಲಿಸಬೇಕು. ವಿಸಿಟಿಂಗ್ ಕಾರ್ಡ್ ಇಲ್ಲದ ಕಾರಣ ಶಾಸ್ತ್ರ ಅವನನ್ನು ಆಚಾರ್ಯನೆಂದು ಒಪ್ಪುವುದಿಲ್ಲ.

ಮ್ಯಾನೇಜ್‌ಮೆಂಟ್ ಸೀಟೇ ಬೇಕೆನ್ನುವವರಿಗೂ ನಡುವೆ ಆಳು ಬೇಕಿಲ್ಲ. ಬೆಂಗಳೂರಿಗೋ ದಾವಣಗೆರೆಗೋ ಬಸ್ಸು ಹತ್ತಿ, ನೇರವಾಗಿ ಕಾಲೇಜಿನ ಆಫೀಸಿಗೆ ಹೋಗಿ ಕೇಳಿದರೆ ಅದೇ ಸೀಟು. ಆಚಾರ್ಯನ ಪಾಲು ಉಳಿಯುತ್ತದೆ, ಹಾಸ್ಟೆಲ್ಲು ಲ್ಯಾಬು ಕಣ್ಣಲ್ಲೇ ನೋಡಿದಂತಾಗುತ್ತದೆ. ಮಗಳನ್ನೂ ಕರೆದುಕೊಂಡು ಹೋದರೆ ಐದನೆಯ ಅಧ್ಯಾಯದಲ್ಲಿ ಬಿಟ್ಟುಹೋದ ಪ್ರಶ್ನೆಯನ್ನು ದಾರಿಯಲ್ಲಿ ಕೇಳಬಹುದು.

ಮುಂಗಡ ಈಗಾಗಲೇ ಕೊಟ್ಟವರ ವಿಷಯ ಉಳಿಯಿತು. ಪ್ರವೇಶ ಬಿಟ್ಟ ವಿದ್ಯಾರ್ಥಿಯ ಮೂಲ ಅಂಕಪಟ್ಟಿಯನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಆಚಾರ್ಯನಂತೂ ಅದನ್ನು ಮುಟ್ಟುವ ಅಧಿಕಾರವೇ ಇಲ್ಲದವನು. ಹಣವನ್ನು ಯುಪಿಐ ಅಥವಾ ಚೆಕ್ಕಿನಲ್ಲಿ ಕೊಟ್ಟಿದ್ದರೆ ಅದನ್ನೇ ದಾಖಲೆಯಾಗಿ ಹಿಡಿದು ಚಿತ್ರದುರ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಅರ್ಜಿ ಕೊಡಬಹುದು. ಅದಕ್ಕೆ ವಕೀಲರೂ ಕಡ್ಡಾಯವಲ್ಲ. ನಗದು ಕೊಟ್ಟು ರಸೀದಿ ಕೇಳದವರು ವಾಟ್ಸ್‌ಆ್ಯಪಿನಲ್ಲಿ ಆಚಾರ್ಯ ಕಳಿಸಿದ ಸಂದೇಶಗಳನ್ನು, ವಿಶೇಷವಾಗಿ ‘ಸೀಟ್ ಕನ್ಫರ್ಮ್’ ಎಂದಿರುವುದನ್ನು, ಅಳಿಸದೆ ಇಟ್ಟುಕೊಳ್ಳತಕ್ಕದ್ದು.